ಕಾವು ಪೆಟ್ಟಿಗೆಯ ಥರ್ಮಿಸ್ಟರ್ ಬಲ್ಬಿನ ಬೆಳಕಿಗೆ ಮೋಸಹೋದ ಪ್ರಕರಣ

ನನ್ನ ತಮ್ಮ ಮರಿ ಮಾಡಿಸಲು ಒಂದು ಕಾವು ಪೆಟ್ಟಿಗೆ ಕಟ್ಟಿದ್ದ. ಥರ್ಮಾಕೋಲ್ ಪೆಟ್ಟಿಗೆ, ಅದರೊಳಗೆ 60 ವ್ಯಾಟಿನ ಹಳೇ ಕಾಲದ ತಂತಿ ಬಲ್ಬು, ಹಳೆಯ ಕಂಪ್ಯೂಟರಿನಿಂದ ಬಿಚ್ಚಿದ ಒಂದು ಚಿಕ್ಕ ಫ್ಯಾನು. ಬಿಸಿ ಅಳೆಯಲು 10 ಕಿಲೋ ಓಮಿನ ಥರ್ಮಿಸ್ಟರ್. ಬಲ್ಬನ್ನು ಹೊತ್ತಿಸಿ ಆರಿಸಲು ಒಂದು ರಿಲೇ. ಎಲ್ಲವನ್ನೂ ನೋಡಿಕೊಳ್ಳಲು ಆರ್ಡುಯಿನೋ ಎಂಬ ಒಂದು ಚಿಕ್ಕ ಕಂಪ್ಯೂಟರ್ ಬೋರ್ಡು. ಕೋಳಿ ಮೊಟ್ಟೆಗೆ ಫ್ಯಾನ್ ಇರುವ ಪೆಟ್ಟಿಗೆಯಲ್ಲಿ 37.5 ಡಿಗ್ರಿ ಬೇಕು, 21 ದಿನ ಬೇಕು. ಅವನ ಡಿಸ್‌ಪ್ಲೇ ಅಷ್ಟೂ ದಿನ 37.5ರ ಆಸುಪಾಸಿನಲ್ಲೇ ಇತ್ತು.

21ನೇ ದಿನ ಏನೂ ಆಗಲಿಲ್ಲ. 22ನೇ ದಿನ ಸಂಜೆ ಒಂದು ಮೊಟ್ಟೆ ಬಿರಿಯಿತು. 23ನೇ ದಿನ ಇನ್ನು ಮೂರು. ಹನ್ನೆರಡರಲ್ಲಿ ನಾಲ್ಕು ಮರಿ, ಅದೂ ತಡವಾಗಿ. ಉಳಿದ ಎಂಟರಲ್ಲಿ ಐದನ್ನು ದೀಪಕ್ಕೆ ಹಿಡಿದು ನೋಡಿದಾಗ ಒಳಗೆ ಮರಿ ಪೂರ್ತಿ ಬೆಳೆದಿದ್ದು ಕಂಡಿತು. ಫೋನಿನಲ್ಲಿ ಅವನ ದನಿ ಕುಗ್ಗಿಹೋಗಿತ್ತು. "ಅಕ್ಕಾ, ಮೀಟರು ಒಂದು ದಿನಾನೂ ತಪ್ಪು ತೋರಿಸಿಲ್ಲ. ಆದರೂ ಯಾಕೆ ಹಿಂಗಾಯ್ತು?" ಅಂದ.

ಮರಿ ತಡವಾಗಿ ಬಂದರೆ ಮೊದಲು ಅನುಮಾನ ಪಡಬೇಕಾದದ್ದು ಕಾವು ಕಡಿಮೆಯಾಗಿತ್ತು ಅಂತಲೇ. ತೇವ, ಮೊಟ್ಟೆ ಹೊರಳಿಸುವುದು, ಮೊಟ್ಟೆ ಎಷ್ಟು ಹಳೆಯದು ಎಂಬುದೂ ಲೆಕ್ಕಕ್ಕೆ ಬರುತ್ತವೆ, ನಿಜ. ಆದರೆ ಎಲ್ಲ ಮರಿಗಳೂ ಒಟ್ಟಿಗೇ ಒಂದೆರಡು ದಿನ ಹಿಂದೆ ಬಿದ್ದಿವೆ ಎಂದರೆ ಅದು ಬಿಸಿಯ ಗುರುತು. ಹಾಗಾದರೆ ಡಿಸ್‌ಪ್ಲೇ ಸುಳ್ಳು ಹೇಳಿತ್ತು. ನಾನು ಸರ್ಕ್ಯೂಟ್ ರಿಪೇರಿ ಕೆಲಸ ಮಾಡುವವಳು. ಮಲ್ಟಿಮೀಟರ್, ಗಾಜಿನ ಲ್ಯಾಬ್ ಥರ್ಮಾಮೀಟರ್, ಒಂದಿಷ್ಟು ಅಲ್ಯೂಮಿನಿಯಂ ಹಾಳೆ ಎತ್ತಿಕೊಂಡು ಹೋದೆ.

ಟಕ್, ಟಕ್, ಟಕ್

ಪೆಟ್ಟಿಗೆ ಇದ್ದ ಕೋಣೆಗೆ ಕಾಲಿಟ್ಟ ಕೂಡಲೇ ಒಂದು ಸದ್ದು ಕೇಳಿತು. ರಿಲೇ ಸದ್ದು. ಟಕ್ ಅಂತ ಬಲ್ಬು ಹೊತ್ತುತ್ತಿತ್ತು, ನಾಲ್ಕೈದು ಸೆಕೆಂಡಿನಲ್ಲಿ ಟಕ್ ಅಂತ ಆರುತ್ತಿತ್ತು, ಮತ್ತೆ ನಾಲ್ಕೈದು ಸೆಕೆಂಡಿಗೆ ಹೊತ್ತುತ್ತಿತ್ತು. ಅವನಿಗೆ ಅದು ಅಭ್ಯಾಸವಾಗಿಬಿಟ್ಟಿತ್ತು. "ಅದು ಮೊದಲಿಂದಲೂ ಹಂಗೇ ಅಕ್ಕಾ, ಕೆಲಸ ಮಾಡ್ತಿದೆ ಅಂತ ಗೊತ್ತಾಗುತ್ತಲ್ಲ" ಅಂದ.

ಲೆಕ್ಕ ಹಾಕಿ ನೋಡಿ. 10 ಸೆಕೆಂಡಿಗೆ ಒಂದು ಸುತ್ತು ಎಂದರೆ ದಿನಕ್ಕೆ 8,640 ಸಲ. ಎರಡು ವಾರದಲ್ಲಿ 1,20,000 ಸಲ. ಇಂಥ ಚಿಕ್ಕ ರಿಲೇಗಳಿಗೆ ಪೂರ್ತಿ ಲೋಡಿನಲ್ಲಿ ತಯಾರಕರು ಕೊಡುವ ಆಯುಸ್ಸು ಸಾಮಾನ್ಯವಾಗಿ ಒಂದು ಲಕ್ಷ ಸಲ. ಒಂದೇ ಸಲದ ಕಾವಿಗೆ ಅಷ್ಟನ್ನೂ ಖರ್ಚು ಮಾಡಿದಂತಾಯಿತು.

ವಿಚಾರಿಸಿದಾಗ ಇನ್ನೆರಡು ಸಂಗತಿ ಹೊರಬಂದವು. 14ನೇ ದಿನ ರಾತ್ರಿ ಬಲ್ಬು ಸುಟ್ಟುಹೋಗಿತ್ತು. ಬೆಳಿಗ್ಗೆ ನೋಡಿ ಬದಲಾಯಿಸಿದ್ದ. 17ನೇ ದಿನ ರಿಲೇ ಒಮ್ಮೆ ಅಂಟಿಕೊಂಡು ಬಲ್ಬು ಆರಲೇ ಇಲ್ಲ. ಪುಣ್ಯಕ್ಕೆ ಅವನು ಹತ್ತಿರದಲ್ಲೇ ಇದ್ದ. ಆಮೇಲೆ ಭಯವಾಗಿ ಮುಚ್ಚಳದ ಒಳಗೆ ಬೆಳಕನ್ನು ಗುರುತಿಸುವ ಒಂದು ಎಲ್‌ಡಿಆರ್ ಅಂಟಿಸಿದ್ದ. ರಿಲೇ ಆನ್ ಆಗಿದ್ದೂ ಬೆಳಕಿಲ್ಲದಿದ್ದರೆ ಬಜರ್ ಕೂಗಬೇಕು. ರಿಲೇ ಆಫ್ ಆಗಿದ್ದೂ ಕತ್ತಲಾಗದಿದ್ದರೂ ಕೂಗಬೇಕು. ಯೋಚನೆ ಚೆನ್ನಾಗಿತ್ತು. ಆದರೆ ಬಜರ್ ಸುಮ್ಸುಮ್ನೆ ಕೂಗಲು ಶುರುಮಾಡಿ, ಎರಡೇ ದಿನಕ್ಕೆ ಅದರ ವೈರು ಕಿತ್ತು ಹಾಕಿದ್ದ.

ಹೀಗೆ ನನ್ನ ಮುಂದೆ ಮೂರು ವಸ್ತುಗಳಿದ್ದವು: ಥರ್ಮಿಸ್ಟರ್, ಬಲ್ಬಿನ ತಂತಿ, ಎಲ್‌ಡಿಆರ್. ಮೂರರದ್ದೂ ರೋಧ, ಅಂದರೆ ಕರೆಂಟಿಗೆ ಒಡ್ಡುವ ತಡೆ, ಬದಲಾಗುತ್ತದೆ. ಮೂರೂ ಬೇರೆ ಬೇರೆ ರೀತಿಯಲ್ಲಿ.

ಥರ್ಮಿಸ್ಟರ್ ಹೇಳಿದ್ದು ಯಾರ ಬಿಸಿ?

ಮೊದಲು ಥರ್ಮಿಸ್ಟರ್ ಹೇಗೆ ಕೆಲಸ ಮಾಡುತ್ತದೆ ಅಂತ ಹೇಳಿಬಿಡುತ್ತೇನೆ. ತಾಮ್ರದಂಥ ಲೋಹದಲ್ಲಿ ಓಡಾಡುವ ಎಲೆಕ್ಟ್ರಾನ್‌ಗಳಿಗೆ ಕೊರತೆಯಿಲ್ಲ. ಬಿಸಿಯಾದರೆ ಲೋಹದ ಅಣುಗಳು ಜಾಸ್ತಿ ನಡುಗುತ್ತವೆ, ಎಲೆಕ್ಟ್ರಾನ್‌ಗಳ ದಾರಿಗೆ ಅಡ್ಡ ಬರುತ್ತವೆ, ರೋಧ ಏರುತ್ತದೆ. ತಾಮ್ರದಲ್ಲಿ ಇದು ಡಿಗ್ರಿಗೆ ಸುಮಾರು ಶೇ. 0.39. ಥರ್ಮಿಸ್ಟರ್ ಲೋಹವಲ್ಲ. ಮ್ಯಾಂಗನೀಸ್, ನಿಕೆಲ್, ಕೋಬಾಲ್ಟ್‌ಗಳ ಆಕ್ಸೈಡ್ ಪುಡಿಯನ್ನು ಒತ್ತಿ ಸುಟ್ಟು ಮಾಡಿದ ಅರೆವಾಹಕ. ಇಲ್ಲಿ ಎಲೆಕ್ಟ್ರಾನ್‌ಗಳು ತಮ್ಮ ತಮ್ಮ ಜಾಗಕ್ಕೆ ಕಟ್ಟಿಹಾಕಿದಂತೆ ಕೂತಿರುತ್ತವೆ. ಬಿಸಿ ತಾಗಿದರೆ ಕಟ್ಟು ಸಡಿಲವಾಗುತ್ತದೆ, ಎಲೆಕ್ಟ್ರಾನ್‌ಗಳು ಒಂದು ಜಾಗದಿಂದ ಇನ್ನೊಂದಕ್ಕೆ ಸುಲಭವಾಗಿ ಜಿಗಿಯುತ್ತವೆ, ರೋಧ ಇಳಿಯುತ್ತದೆ. ಅದಕ್ಕೇ ಇದನ್ನು ಎನ್‌ಟಿಸಿ ಅನ್ನುವುದು. ಬಿಸಿಯಾದಷ್ಟೂ ರೋಧ ಕಡಿಮೆ ಎಂಬ ಜಾತಿ.

ತಮ್ಮನ ಥರ್ಮಿಸ್ಟರಿನ ಬೀಟಾ, ಅಂದರೆ ಬಿಸಿಗೆ ರೋಧ ಎಷ್ಟು ಚುರುಕಾಗಿ ಬದಲಾಗುತ್ತದೆ ಎಂದು ಹೇಳುವ ಅಂಕಿ, 3950. 25 ಡಿಗ್ರಿಯಲ್ಲಿ 10,000 ಓಮ್ ಇರುವುದು 37.5ರಲ್ಲಿ ಸುಮಾರು 5,870 ಓಮ್ ಆಗುತ್ತದೆ. ಅಲ್ಲಿಂದ ಒಂದು ಡಿಗ್ರಿ ಏರಿದರೆ ಸುಮಾರು 240 ಓಮ್ ಇಳಿಯುತ್ತದೆ, ಅಂದರೆ ಶೇ. 4ರಷ್ಟು. ತಾಮ್ರದ ಹತ್ತು ಪಟ್ಟು ಚುರುಕು. 10 ಕಿಲೋ ಓಮಿನ ಒಂದು ಮಾಮೂಲಿ ರೆಸಿಸ್ಟರ್ ಜೊತೆ ಸರಣಿಯಲ್ಲಿ ಜೋಡಿಸಿ, ನಡುವಿನ ವೋಲ್ಟೇಜನ್ನು ಆರ್ಡುಯಿನೋ ಓದುತ್ತಿತ್ತು. ಅದು 5 ವೋಲ್ಟನ್ನು 1,024 ಮೆಟ್ಟಿಲು ಮಾಡಿ ಓದುತ್ತದೆ. 37.5ರ ಹತ್ತಿರ ಒಂದು ಡಿಗ್ರಿಗೆ ಹೆಚ್ಚುಕಡಿಮೆ ಹತ್ತು ಮೆಟ್ಟಿಲು. ಅಂದರೆ 0.1 ಡಿಗ್ರಿಯನ್ನೂ ಹಿಡಿಯಬಲ್ಲದು. ಈ ಕೆಲಸಕ್ಕೆ ಧಾರಾಳ ಸಾಕು.

ಗಾಜಿನ ಥರ್ಮಾಮೀಟರನ್ನು ಮೊಟ್ಟೆ ಇಡುವ ಮಟ್ಟದಲ್ಲಿ, ಬಲ್ಬಿನ ಕಣ್ಣಿಗೆ ಬೀಳದಂತೆ ಹಾಳೆಯ ಮರೆಯಲ್ಲಿ ಇಟ್ಟೆ. ಒಂದು ಗಂಟೆ ಬಿಟ್ಟು ನೋಡಿದರೆ ಡಿಸ್‌ಪ್ಲೇ 37.5, ಗಾಜಿನದು 36.5. ಸರಿಯಾಗಿ ಒಂದು ಡಿಗ್ರಿ ಕಡಿಮೆ.

ಇಷ್ಟಕ್ಕೇ ಥರ್ಮಿಸ್ಟರ್ ಕೆಟ್ಟಿದೆ ಅಂತ ತೀರ್ಮಾನ ಮಾಡಬಹುದಿತ್ತು. ಶೇ. 5ರ ಟಾಲರೆನ್ಸ್ (ತಯಾರಿಕೆಯಲ್ಲೇ ಬರುವ ಹೆಚ್ಚುಕಮ್ಮಿ) ಇರುವ ಥರ್ಮಿಸ್ಟರ್ ತಾನಾಗಿಯೇ 1.2 ಡಿಗ್ರಿ ತಪ್ಪು ತೋರಿಸಬಹುದು. ಕೋಡಿನಲ್ಲಿ ಒಂದು ಡಿಗ್ರಿ ಕಳೆದುಬಿಟ್ಟರೆ ಮುಗಿಯಿತು ಅನ್ನುವವರೂ ಇದ್ದಾರೆ. ಆದರೆ ಆ ಟಕ್ ಟಕ್ ಸದ್ದು ನನ್ನ ತಲೆಯಿಂದ ಹೋಗಲಿಲ್ಲ. ಟಾಲರೆನ್ಸ್ ತಪ್ಪಿದ್ದರೆ ತಪ್ಪು ಒಂದೇ ಸಮ ಇರಬೇಕು. ಅದು ರಿಲೇಯನ್ನು ಹೀಗೆ ಕುಣಿಸುವುದಿಲ್ಲ.

ಲ್ಯಾಪ್‌ಟಾಪಿಗೆ ಜೋಡಿಸಿ ಸೆಕೆಂಡಿಗೊಂದು ಓದು ದಾಖಲಿಸಿದೆವು. ರಿಲೇ ನಿಯಂತ್ರಣ ಬಿಡಿಸಿ, ಬಲ್ಬನ್ನು ಕೈಯಿಂದಲೇ ಹೊತ್ತಿಸಿದೆ. ಹೊತ್ತಿಸಿದ 5 ಸೆಕೆಂಡಿಗೆ ಓದು 0.8 ಡಿಗ್ರಿ ಏರಿತು. 10 ಸೆಕೆಂಡಿಗೆ 1.3. 20ಕ್ಕೆ 1.8. ಆರಿಸಿದರೆ ಅದೇ ದಾರಿಯಲ್ಲಿ ವಾಪಸ್ ಇಳಿಯಿತು.

ತಮ್ಮ ಹೇಳಿದ, "ರಿಲೇ ಎಳೆದಾಗ 5 ವೋಲ್ಟ್ ಕುಸಿಯುತ್ತೆ, ಅದಕ್ಕೇ ಓದು ಜಿಗೀತಿದೆ." ಒಳ್ಳೆಯ ಊಹೆ. ಆದರೆ ಎರಡು ಕಾರಣಕ್ಕೆ ಅದು ನಿಲ್ಲುವುದಿಲ್ಲ. ಒಂದು, ಥರ್ಮಿಸ್ಟರಿಗೆ ಹೋಗುವ 5 ವೋಲ್ಟೂ ಆರ್ಡುಯಿನೋ ಅಳತೆಗೋಲಾಗಿ ಬಳಸುವ 5 ವೋಲ್ಟೂ ಒಂದೇ. ಎರಡೂ ಒಟ್ಟಿಗೆ ಕುಸಿದರೆ ಅನುಪಾತ ಹಾಗೇ ಉಳಿಯುತ್ತದೆ. ಎರಡು, ವೋಲ್ಟೇಜ್ ಕುಸಿದರೆ ಓದು ಒಂದೇ ಏಟಿಗೆ ಜಿಗಿಯಬೇಕು. ಇದು ನಿಧಾನಕ್ಕೆ ಬಾಗುತ್ತಾ ಏರುತ್ತಿತ್ತು. ಸಣ್ಣ ಥರ್ಮಿಸ್ಟರ್ ಮಣಿಯೊಂದು ಗಾಳಿಯಲ್ಲಿ ಬಿಸಿಯಾಗಲು ಹತ್ತು ಸೆಕೆಂಡಿನ ಆಸುಪಾಸು ಹಿಡಿಯುತ್ತದೆ. ಏರಿಕೆಯ ಆಕಾರ ಅದಕ್ಕೇ ಹೊಂದುತ್ತಿತ್ತು. ಅಂದರೆ ಮಣಿ ನಿಜವಾಗಿಯೂ ಬಿಸಿಯಾಗುತ್ತಿತ್ತು. ಆದರೆ ಗಾಳಿಯಿಂದಲೋ, ಬೇರೆಯದರಿಂದಲೋ?

ಪೆಟ್ಟಿಗೆಯೊಳಗಿನ ಗಾಳಿ ತೀರಾ ಹಗುರ. ಅದೂ ಬೇಗ ಬಿಸಿಯಾಗುತ್ತದೆ. ಹಾಗಾಗಿ ವೇಗ ನೋಡಿ ಮಾತ್ರ ತೀರ್ಪು ಕೊಡುವಂತಿರಲಿಲ್ಲ. ಅಲ್ಯೂಮಿನಿಯಂ ಹಾಳೆಯನ್ನು ಕೊಳವೆಯಂತೆ ಸುತ್ತಿ, ಎರಡೂ ತುದಿ ಬಿಟ್ಟು, ಮಣಿಗೆ ತಾಗದಂತೆ ಅದರ ಸುತ್ತ ಇಳಿಬಿಟ್ಟೆ. ಗಾಳಿ ಒಳಗೆ ಹೊರಗೆ ಆಡಬಹುದು, ಬಲ್ಬು ಮಾತ್ರ ಮಣಿಗೆ ಕಾಣುವುದಿಲ್ಲ. ಮತ್ತೆ ಬಲ್ಬು ಹೊತ್ತಿಸಿದೆವು.

10 ಸೆಕೆಂಡಿಗೆ ಏರಿಕೆ 0.1 ಡಿಗ್ರಿ. ಒಂದೇ ಒಂದು ಮೆಟ್ಟಿಲು.

ತಮ್ಮ ಸ್ಕ್ರೀನನ್ನೇ ನೋಡುತ್ತಾ ಕೂತುಬಿಟ್ಟ. "ಅಂದ್ರೆ ಇದು ಇಷ್ಟು ದಿನ ಬಲ್ಬಿನ ಬಿಸಿ ಅಳೀತಿತ್ತಾ?" ಅಂದ. ಹೌದು. ಮೊಟ್ಟೆಗೆ ತಾಗುವ ಗಾಳಿಯದ್ದಲ್ಲ, ಬಲ್ಬಿನಿಂದ ನೇರ ತನ್ನ ಮೇಲೆ ಬಿದ್ದದ್ದರ ಬಿಸಿ.

ಇದು ಎಷ್ಟಾಗಬಹುದು ಅಂತ ಕಾಗದದ ಮೇಲೂ ಹಾಕಿ ನೋಡಿದೆ. ಮಣಿ ಬಲ್ಬಿನಿಂದ 8 ಸೆಂ.ಮೀ. ದೂರದಲ್ಲಿತ್ತು. ಅಷ್ಟು ದೂರಕ್ಕೆ ಒಂದು ಗೋಳ ಎಳೆದರೆ ಅದರ ಮೈ 800 ಚದರ ಸೆಂ.ಮೀ. 60 ವ್ಯಾಟ್ ಅದರ ಮೇಲೆ ಸಮನಾಗಿ ಹರಡಿದರೆ ಚದರ ಸೆಂಟಿಮೀಟರಿಗೆ 75 ಮಿಲಿವ್ಯಾಟ್. 3 ಮಿ.ಮೀ. ಮಣಿಯ ಎದುರು ಮೈ 0.07 ಚದರ ಸೆಂ.ಮೀ. ಅದರ ಪಾಲಿಗೆ ಬೀಳುವುದು 5 ಮಿಲಿವ್ಯಾಟ್. ಸ್ವಲ್ಪ ಭಾಗ ಗಾಳಿಯ ಮೂಲಕ ಹೋಗುತ್ತದೆ, ಸ್ವಲ್ಪ ಮಣಿಯಿಂದ ವಾಪಸ್ ಚಿಮ್ಮುತ್ತದೆ, 4 ಅಂತ ಇಟ್ಟುಕೊಳ್ಳಿ. ಇಂಥ ಮಣಿಗಳು ನಿಂತ ಗಾಳಿಯಲ್ಲಿ ಪ್ರತಿ 2 ಮಿಲಿವ್ಯಾಟಿಗೆ ಸುಮಾರು ಒಂದು ಡಿಗ್ರಿ ಬಿಸಿಯಾಗುತ್ತವೆ. ಅವನ ಮಣಿ ಇದ್ದದ್ದು ಫ್ಯಾನಿನ ಗಾಳಿ ನೇರವಾಗಿ ತಾಗದ ಮೂಲೆಯಲ್ಲಿ. ಅಲ್ಲಿಗೆ 2 ಡಿಗ್ರಿ. ಬಲ್ಬು ಅರ್ಧ ಹೊತ್ತು ಉರಿದು ಅರ್ಧ ಹೊತ್ತು ಆರಿರುತ್ತಿತ್ತು, ಹಾಗಾಗಿ ಸರಾಸರಿ ಮೋಸ 1 ಡಿಗ್ರಿ. ಗಾಜಿನ ಥರ್ಮಾಮೀಟರ್ ಹೇಳಿದ್ದೂ ಅದೇ ಒಂದು ಡಿಗ್ರಿ. ಹೀಗೆ ಲೆಕ್ಕವೂ ಅಳತೆಯೂ ಕೂಡಿಬಂದಾಗ ಆಗುವ ಸಮಾಧಾನಕ್ಕೆ ನಾನು ಈ ಕೆಲಸದಲ್ಲಿದ್ದೇನೆ.

ರಿಲೇ ಕುಣಿದದ್ದಕ್ಕೂ ಇದೇ ಕಾರಣ. ಕೋಡು 37.3ಕ್ಕೆ ಬಲ್ಬು ಹೊತ್ತಿಸಿ 37.7ಕ್ಕೆ ಆರಿಸುತ್ತಿತ್ತು. ಹೊತ್ತಿದ ಕೂಡಲೇ ಮಣಿ ತಾನೇ ಕಾದು 37.7 ದಾಟುತ್ತಿತ್ತು, ಆರಿದ ಕೂಡಲೇ ತಾನೇ ತಣ್ಣಗಾಗಿ 37.3ಕ್ಕೆ ಬೀಳುತ್ತಿತ್ತು. ಪೆಟ್ಟಿಗೆಯ ಗಾಳಿ ಇಬ್ಬರ ಜಗಳದಲ್ಲಿ ಸಂಬಂಧವೇ ಇಲ್ಲದವರಂತೆ 36.5ರಲ್ಲಿ ನಿಂತುಬಿಟ್ಟಿತ್ತು.

ಒಂದು ಅಂಗುಲ ನೀರು

ಮಣಿ ಸರಿಯಿದೆಯಾ ಅಂತ ಇನ್ನೂ ನೋಡಬೇಕಿತ್ತು. ಬೋರ್ಡನ್ನು ಹೊರಗೆ ಮೇಜಿನ ಮೇಲಿಟ್ಟೆವು. ಮಣಿಯನ್ನು ತೆಳು ಪ್ಲಾಸ್ಟಿಕ್ ಕೊಳವೆಯಲ್ಲಿ ಮುಚ್ಚಿ, ಗಾಜಿನ ಪಾತ್ರೆಯ ಬೆಚ್ಚಗಿನ ನೀರಿನಲ್ಲಿ ಗಾಜಿನ ಥರ್ಮಾಮೀಟರಿನ ಪಕ್ಕ ಮುಳುಗಿಸಿದೆ. ಚೆನ್ನಾಗಿ ಕಲಕಿ, 37.5ಕ್ಕೆ ಇಳಿಯುವವರೆಗೆ ಕಾದೆವು. ಡಿಸ್‌ಪ್ಲೇ 37.6 ತೋರಿಸಿತು. ಮಣಿಯಲ್ಲಿ ಯಾವ ತಪ್ಪೂ ಇರಲಿಲ್ಲ. ಕೋಡಿನಲ್ಲಿ ಒಂದು ಕಳೆದಿದ್ದರೆ ಅನ್ಯಾಯವಾಗುತ್ತಿತ್ತು.

ಅದೇ ಪಾತ್ರೆಯ ಮೇಲೆ ಅದೇ 60 ವ್ಯಾಟಿನ ಬಲ್ಬನ್ನು 8 ಸೆಂ.ಮೀ. ದೂರದಲ್ಲಿ ಹಿಡಿದೆ. ಅರ್ಧ ನಿಮಿಷ. ಓದು ಒಂದು ಮೆಟ್ಟಿಲೂ ಕದಲಲಿಲ್ಲ. ಬೆಳಕು ನೀರು ದಾಟಿ ಮಣಿಯ ಮೇಲೆ ಬೀಳುತ್ತಿರುವುದು ಕಣ್ಣಿಗೇ ಕಾಣುತ್ತಿತ್ತು. ಆದರೆ ಬಲ್ಬಿನ ಶಕ್ತಿಯಲ್ಲಿ ಕಣ್ಣಿಗೆ ಕಾಣುವ ಬೆಳಕು ತೀರಾ ಸ್ವಲ್ಪ, ಮುಕ್ಕಾಲುಪಾಲು ಇನ್‌ಫ್ರಾರೆಡ್. ಅದರ ಬಹುಪಾಲನ್ನು ನೀರೇ ಕುಡಿದುಬಿಡುತ್ತದೆ. ಉಳಿದದ್ದರಿಂದ ಮಣಿಗೆ ಬಂದ ಬಿಸಿಯನ್ನೂ ಸುತ್ತಲಿನ ನೀರು ಕೂಡಲೇ ಎಳೆದುಕೊಳ್ಳುತ್ತದೆ. ಥರ್ಮಿಸ್ಟರಿಗೆ ಬೆಳಕಿನ ಹಂಗಿಲ್ಲ. ಬೆಳಕು ಅದನ್ನು ಕಾಯಿಸಿದರೆ ಮಾತ್ರ ಅದಕ್ಕೆ ಗೊತ್ತಾಗುತ್ತದೆ.

ಈ ನೀರಿನ ಉಪಾಯ ನನ್ನದಲ್ಲ. 1873ರ ಫೆಬ್ರುವರಿಯಲ್ಲಿ ವಿಲ್ಲೋಬಿ ಸ್ಮಿತ್ ಎಂಬ ಟೆಲಿಗ್ರಾಫ್ ಇಂಜಿನಿಯರ್ ಇದನ್ನು ಬರೆದಿಟ್ಟಿದ್ದಾರೆ. ಸಮುದ್ರದೊಳಗಿನ ಕೇಬಲ್ ಪರೀಕ್ಷಿಸಲು ಅವರಿಗೆ ತುಂಬಾ ದೊಡ್ಡ ರೋಧ ಬೇಕಿತ್ತು. ಸೆಲೆನಿಯಂ ಕಡ್ಡಿಗಳನ್ನು ಬಳಸಿದರು. ಕಡ್ಡಿಗಳ ರೋಧ ಒಂದು ಹೊತ್ತಿನಂತೆ ಇನ್ನೊಂದು ಹೊತ್ತು ಇರಲಿಲ್ಲ. ಪೆಟ್ಟಿಗೆಯ ಮುಚ್ಚಳ ಮುಚ್ಚಿದರೆ ಏರುತ್ತಿತ್ತು, ತೆರೆದರೆ ಇಳಿಯುತ್ತಿತ್ತು. ಬೆಳಕಿನ ಜೊತೆ ಬರುವ ಬಿಸಿಯ ಕೈವಾಡ ಇರಬಹುದಾ ಅಂತ ನೋಡಲು ಅವರು ಒಂದು ಕಡ್ಡಿಯನ್ನು ನೀರಿನ ತೊಟ್ಟಿಯಲ್ಲಿಟ್ಟರು. ಬೆಳಕು ಸುಮಾರು ಒಂದಂಗುಲ ನೀರು ದಾಟಿ ಬರಬೇಕು. ಆದರೂ ಫಲಿತಾಂಶ ಹಾಗೇ ಇತ್ತು. ನೀರಿನ ಮೇಲೆ ಮೆಗ್ನೀಸಿಯಂ ಪಟ್ಟಿ ಉರಿಸಿ ಹಿಡಿದಾಗ ರೋಧ ಆ ಕ್ಷಣವೇ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಕುಸಿಯಿತು. ಆರಿದ ಕೂಡಲೇ ಮೊದಲಿನ ಸ್ಥಿತಿಗೆ ಬಂತು. ಬಿಸಿಯಲ್ಲ, ಬೆಳಕೇ ಎಂದು ಹಾಗೆ ಖಾತ್ರಿಯಾಯಿತು. ನಮ್ಮ ಪಾತ್ರೆಯಲ್ಲಿ ಅದೇ ಪರೀಕ್ಷೆ ತಿರುಗುಮುರುಗಾಗಿ ಉತ್ತರ ಕೊಟ್ಟಿತು. ಬಿಸಿಗೆ ರೋಧ ಇಳಿಯುವುದನ್ನು ಫ್ಯಾರಡೆ ಅದಕ್ಕೂ 40 ವರ್ಷ ಮೊದಲು, 1833ರಲ್ಲಿ, ಸಿಲ್ವರ್ ಸಲ್ಫೈಡ್‌ನಲ್ಲಿ ಕಂಡಿದ್ದರು. ಎರಡೂ ಎಷ್ಟು ಹಳೆಯ ಸಂಗತಿಗಳು ನೋಡಿ.

ಇನ್ನೆರಡು ಚಿಲ್ಲರೆ ತಪ್ಪು

ಹಾಳೆ ಮರೆಮಾಡಿದ ಮೇಲೂ ಡಿಸ್‌ಪ್ಲೇ ಅಷ್ಟಿಷ್ಟು ಸರಿದಾಡುತ್ತಿತ್ತು. ಅದರಲ್ಲಿ ಎರಡು ತಪ್ಪು ಸಿಕ್ಕಿದವು, ಒಂದನ್ನೊಂದು ಮುಚ್ಚಿಡುತ್ತಿದ್ದವು.

ಥರ್ಮಿಸ್ಟರ್ ಮೂಲಕ ಸದಾ ಕರೆಂಟು ಹರಿಯುತ್ತಿತ್ತು. ಸುಮಾರು 0.32 ಮಿಲಿ ಆಂಪಿಯರ್. ಅದರಿಂದ ಮಣಿಯಲ್ಲೇ 0.58 ಮಿಲಿವ್ಯಾಟ್ ಬಿಸಿ ಹುಟ್ಟುತ್ತದೆ. ಮೇಲಿನ ಲೆಕ್ಕದಂತೆಯೇ ನಿಂತ ಗಾಳಿಯಲ್ಲಿ ಅದು 0.3 ಡಿಗ್ರಿ. ಅಳೆಯುವ ಕರೆಂಟೇ ಅಳತೆಯನ್ನು ಬಿಸಿ ಮಾಡುತ್ತದೆ. ಡಿವೈಡರಿಗೆ, ಅಂದರೆ ಥರ್ಮಿಸ್ಟರ್ ಮತ್ತು ರೆಸಿಸ್ಟರಿನ ಆ ಜೋಡಿಗೆ, 5 ವೋಲ್ಟನ್ನು ನೇರ ಕೊಡುವ ಬದಲು ಆರ್ಡುಯಿನೋದ ಒಂದು ಪಿನ್ನಿನಿಂದ, ಓದುವಾಗ ಮಾತ್ರ ಕೆಲವು ಮಿಲಿಸೆಕೆಂಡು ಕೊಟ್ಟೆವು. ಓದು ಎರಡು ಮೆಟ್ಟಿಲು ಇಳಿಯಿತು.

ಇನ್ನೊಂದು, ಆ ಮಾಮೂಲಿ 10 ಕಿಲೋ ಓಮ್ ರೆಸಿಸ್ಟರ್. ಬೋರ್ಡನ್ನು ಅವನು ಮುಚ್ಚಳದ ಒಳಗೇ ಅಂಟಿಸಿದ್ದ. ಅದು ಕಾರ್ಬನ್ ಫಿಲ್ಮ್ ರೆಸಿಸ್ಟರ್. ಇವುಗಳ ರೋಧ ಡಿಗ್ರಿಗೆ ಹತ್ತು ಲಕ್ಷದಲ್ಲಿ ಕೆಲವು ನೂರು ಪಾಲು ಇಳಿಯುತ್ತದೆ. 400 ಎಂದೇ ಹಿಡಿದರೂ, ಕೋಣೆಗಿಂತ 15 ಡಿಗ್ರಿ ಬಿಸಿಯಲ್ಲಿ 60 ಓಮ್ ಕಡಿಮೆ. ಕೋಡು ಮಾತ್ರ 10,000 ಎಂದೇ ನಂಬಿರುತ್ತದೆ. ಓದು 0.15 ಡಿಗ್ರಿ ಕೆಳಗೆ ಬೀಳುತ್ತದೆ. ಬೋರ್ಡನ್ನು ಪೆಟ್ಟಿಗೆಯ ಹೊರಗೆ ತಂದು, ಮೆಟಲ್ ಫಿಲ್ಮ್ ರೆಸಿಸ್ಟರ್ ಹಾಕಿದೆವು. ಒಂದರೂಪಾಯಿಯಷ್ಟೂ ಗೌರವ ಸಿಗದ ಭಾಗ ಇದು, ಆದರೆ ಥರ್ಮಿಸ್ಟರಿನ ಅಳತೆಗೋಲೇ ಇದು.

ಬಲ್ಬಿನ ತಂತಿ

ಬಲ್ಬು ಬಿಚ್ಚಿ ಮಲ್ಟಿಮೀಟರಿಗೆ ಹಿಡಿದೆ. 64 ಓಮ್. ತಮ್ಮ ಕ್ಯಾಲ್ಕುಲೇಟರ್ ತೆಗೆದು 230 ವೋಲ್ಟಿನಲ್ಲಿ 60 ವ್ಯಾಟ್ ಆಗಬೇಕಾದರೆ ರೋಧ ಎಷ್ಟಿರಬೇಕು ಅಂತ ನೋಡಿದ. 882 ಓಮ್. "ಮೀಟರ್ ಕೆಟ್ಟಿದ್ಯಾ?" ಅಂದ.

ಕೆಟ್ಟಿಲ್ಲ. ಮೀಟರ್ ಅಳೆಯುವುದು ತಣ್ಣಗಿನ ತಂತಿಯನ್ನು. ಉರಿಯುವಾಗ ಟಂಗ್‌ಸ್ಟನ್ 2,500 ಡಿಗ್ರಿಯ ಹತ್ತಿರ ಇರುತ್ತದೆ. ಲೋಹ ತಾನೇ, ಬಿಸಿಗೆ ರೋಧ ಹದಿನಾಲ್ಕು ಪಟ್ಟು ಏರಿರುತ್ತದೆ. ಅಂದರೆ ಸ್ವಿಚ್ ಒತ್ತಿದ ಮೊದಲ ಕ್ಷಣದಲ್ಲಿ ಹರಿಯುವುದು 0.26 ಆಂಪಿಯರ್ ಅಲ್ಲ, 3.6. ತಂತಿ ಕಾಯುವ ಆ ಕ್ಷಣ ಸೆಕೆಂಡಿನ ಹತ್ತನೇ ಒಂದು ಪಾಲೂ ಇರುವುದಿಲ್ಲ. ಆದರೆ ಅದು ದಿನಕ್ಕೆ 8,640 ಸಲ ರಿಲೇಯ ತುದಿಗಳ ಮೇಲೆ ಬೀಳುತ್ತಿತ್ತು. ಬಿಚ್ಚಿ ನೋಡಿದ ರಿಲೇಯ ತುದಿಗಳು ಕಪ್ಪಾಗಿ, ಒಂದು ಕಡೆ ಸಣ್ಣ ಗುಳಿ ಬಿದ್ದು, ಇನ್ನೊಂದು ಕಡೆ ಅದಕ್ಕೆ ಸರಿಯಾಗಿ ಮೊಳಕೆಯಂತೆ ಉಬ್ಬಿದ್ದವು. ಅಂಟಿಕೊಂಡದ್ದು ಅಲ್ಲೇ. ಸವೆದ ಬಲ್ಬುಗಳು ಸಾಮಾನ್ಯವಾಗಿ ಹೊತ್ತಿಸುವ ಕ್ಷಣದಲ್ಲೇ ಹೋಗುವುದೂ ಇದರಿಂದಲೇ. ತಂತಿಯ ಸಣಕಲು ಜಾಗ ಉಳಿದದ್ದಕ್ಕಿಂತ ಬೇಗ ಕಾದು ತುಂಡಾಗುತ್ತದೆ.

ಬಲ್ಬು ಸುಟ್ಟದ್ದು, ರಿಲೇ ಅಂಟಿದ್ದು, ಮರಿ ತಡವಾದದ್ದು ಬೇರೆ ಬೇರೆ ದುರದೃಷ್ಟ ಅಂತ ತಮ್ಮ ಅಂದುಕೊಂಡಿದ್ದ. ಮೂರಕ್ಕೂ ಬೇರು ಒಂದೇ ಮಣಿಯಲ್ಲಿತ್ತು.

ಎಲ್‌ಡಿಆರ್ ವಿಷಯದಲ್ಲಿ ನಾನು ತಪ್ಪಿದ್ದು

ಉಳಿದದ್ದು ಸುಮ್ನೆ ಕೂಗುವ ಬಜರ್. ಮೇಜಿನ ಮೇಲೆ ಮೊಬೈಲ್ ಟಾರ್ಚಿನಿಂದ ಪರೀಕ್ಷಿಸಿದಾಗ ಸರಿಯಿತ್ತಂತೆ. ಪೆಟ್ಟಿಗೆಗೆ ಹಾಕಿದ ಮೇಲೆ, ಬಲ್ಬು ಆರಿದಾಗಲೆಲ್ಲ "ಇನ್ನೂ ಬೆಳಕಿದೆ" ಎಂದು ಕೂಗುತ್ತಿತ್ತು.

ನಾನು ಯೋಚಿಸದೆ ಹೇಳಿಬಿಟ್ಟೆ: ಬಿಸಿ. ಎಲ್‌ಡಿಆರ್‌ನಲ್ಲಿರುವುದು ಕ್ಯಾಡ್ಮಿಯಂ ಸಲ್ಫೈಡ್, ಅದೂ ಅರೆವಾಹಕ. ಕಾದರೆ ಬೆಳಕಿಲ್ಲದೆಯೂ ಎಲೆಕ್ಟ್ರಾನ್ ಬಿಡುಗಡೆಯಾಗಿ ಕತ್ತಲ ರೋಧ ಕುಸಿಯುತ್ತದೆ. ಥರ್ಮಿಸ್ಟರ್ ಬೆಳಕಿಗೆ ಮೋಸಹೋಯಿತು, ಎಲ್‌ಡಿಆರ್ ಬಿಸಿಗೆ ಮೋಸಹೋಗಿದೆ. ಕೇಳಲು ಎಷ್ಟು ಚೆನ್ನಾಗಿದೆ, ಅಲ್ವಾ? ಅಷ್ಟು ಚೆನ್ನಾಗಿ ಕೂತದ್ದಕ್ಕೇ ನಾನು ಅದನ್ನು ನಂಬಿದೆ.

ತಮ್ಮನೇ ಹೇಳಿದ, "ಅಳೆದು ನೋಡೋಣ ಅಕ್ಕಾ." ಎಲ್‌ಡಿಆರ್‌ಗೆ ಕಪ್ಪು ಟೇಪ್ ಸುತ್ತಿ, ಅರ್ಧ ಗಂಟೆ ಕತ್ತಲಲ್ಲಿ ಬಿಟ್ಟು ಅಳೆದೆವು. ಮೀಟರಿನ 20 ಮೆಗಾ ಓಮಿನ ಮಿತಿಯನ್ನೇ ದಾಟಿತ್ತು. ನಂತರ ಪ್ಲಾಸ್ಟಿಕ್ ಚೀಲದಲ್ಲಿಟ್ಟು 50 ಡಿಗ್ರಿ ನೀರಿಗೆ ಇಳಿಸಿದೆವು. ಇಳಿಯಿತು, ಆದರೆ ಆಗಲೂ ಕೆಲವು ಮೆಗಾ ಓಮ್ ಇತ್ತು. ಅವನ ಕೋಡು ಕತ್ತಲು ಎಂದು ಒಪ್ಪಲು ಕೇಳುತ್ತಿದ್ದದ್ದು 500 ಕಿಲೋ ಓಮ್. ಬಿಸಿಯಿಂದ ಅಷ್ಟು ಕೆಳಗೆ ಬರುವ ಮಾತೇ ಇರಲಿಲ್ಲ. ನನ್ನ ಉತ್ತರ ತಪ್ಪಾಗಿತ್ತು.

ಸರಿಯಾದ ಉತ್ತರ ಸಮಯದಲ್ಲಿತ್ತು. ಬಲ್ಬಿನಿಂದ 10 ಸೆಂ.ಮೀ. ದೂರದಲ್ಲಿ ಎಲ್‌ಡಿಆರ್ 250 ಓಮ್ ತೋರಿಸುತ್ತಿತ್ತು. ಬಲ್ಬು ಆರಿಸಿ ದಾಖಲಿಸಿದೆವು. ಒಂದು ಸೆಕೆಂಡಿಗೆ ನಲವತ್ತು ಕಿಲೋ ಓಮಿನ ಆಸುಪಾಸು, ಎರಡಕ್ಕೆ ನೂರು ಚಿಲ್ಲರೆ, 500 ದಾಟಲು ಏಳೆಂಟು ಸೆಕೆಂಡು. ಕೋಡು ಕಾಯುತ್ತಿದ್ದದ್ದು ಎರಡೇ ಸೆಕೆಂಡು. ಪ್ರಖರ ಬೆಳಕು ಕುಡಿದ ಎಲ್‌ಡಿಆರ್ ಅದನ್ನು ಕೂಡಲೇ ಮರೆಯುವುದಿಲ್ಲ. ಬಿಡುಗಡೆಯಾದ ಎಲೆಕ್ಟ್ರಾನ್‌ಗಳಲ್ಲಿ ಕೆಲವು ಹರಳಿನ ದೋಷಗಳಲ್ಲಿ ಸಿಕ್ಕಿಕೊಂಡು ನಿಧಾನಕ್ಕೆ ಬಿಡುಗಡೆಯಾಗುತ್ತವೆ. ಡೇಟಾಶೀಟಿನಲ್ಲಿ ಕತ್ತಲ ರೋಧವನ್ನು 10 ಲಕ್ಸ್ ಬೆಳಕು ತೆಗೆದ 10 ಸೆಕೆಂಡಿನ ನಂತರ ಅಳೆದದ್ದು ಅಂತ ಬರೆದಿರುವುದು ಇದಕ್ಕೇ. ಟಾರ್ಚನ್ನು ಒಂದು ಕ್ಷಣ ತೋರಿಸಿ ತೆಗೆದ ಪರೀಕ್ಷೆಯಲ್ಲಿ ಇದು ಗೊತ್ತಾಗಿರಲಿಲ್ಲ.

ಇನ್ನೊಂದು ಸಂಗತಿ ನನಗೆ ತುಂಬಾ ಹಿಡಿಸಿತು. ಬಲ್ಬು ಆರಿದ ಮೇಲೂ ಅದರ ಗಾಜು ಕೈ ಸುಡುವಷ್ಟು ಬಿಸಿಯಿತ್ತು. ಥರ್ಮಿಸ್ಟರನ್ನು ಹತ್ತಿರ ಹಿಡಿದರೆ ಅದು ತಕ್ಷಣ ಗುರುತಿಸುತ್ತಿತ್ತು. ಎಲ್‌ಡಿಆರ್‌ಗೆ ಆ ಬಿಸಿ ಕಾಣುವುದೇ ಇಲ್ಲ. ಕ್ಯಾಡ್ಮಿಯಂ ಸಲ್ಫೈಡ್‌ನಲ್ಲಿ ಒಂದು ಎಲೆಕ್ಟ್ರಾನನ್ನು ಬಿಡಿಸಲು 2.4 ಎಲೆಕ್ಟ್ರಾನ್ ವೋಲ್ಟ್ ಬೇಕು, ಅಂದರೆ ಹಸಿರು ಬೆಳಕಿನಷ್ಟು ಗಟ್ಟಿ ಏಟು. ಬಿಸಿ ಗಾಜಿನಿಂದ ಬರುವ ಇನ್‌ಫ್ರಾರೆಡ್ ಏಟುಗಳು ಎಷ್ಟೇ ಜಾಸ್ತಿ ಬಿದ್ದರೂ ಒಂದೊಂದೂ ಮೆತ್ತಗಿನವು. ಯಾವುದಕ್ಕೂ ಕಟ್ಟು ಬಿಚ್ಚುವ ಶಕ್ತಿಯಿಲ್ಲ. ಥರ್ಮಿಸ್ಟರಿಗೆ ಎಲ್ಲ ಏಟುಗಳ ಮೊತ್ತ ಸಾಕು, ಎಲ್‌ಡಿಆರ್‌ಗೆ ಒಂದೊಂದು ಏಟಿನ ಬಲ ಮುಖ್ಯ.

ಪರಿಹಾರ ಸುಲಭವಿತ್ತು. ನಮಗೆ ಗಾಢ ಕತ್ತಲೆಯ ಖಾತ್ರಿ ಬೇಕಿರಲಿಲ್ಲ. ಬಲ್ಬು ಉರಿಯುತ್ತಿದೆಯಾ ಇಲ್ಲವಾ ಅಷ್ಟೇ ಬೇಕಿತ್ತು. ಉರಿದರೆ 250 ಓಮ್. ಆರಿದರೆ, ಮುಚ್ಚಳದ ಗಾಜಿನಿಂದ ಕೋಣೆಯ ಮಂದ ಬೆಳಕು ಬಂದರೂ, 15 ಕಿಲೋ ಓಮಿನ ಸುತ್ತ. ಎಲ್‌ಡಿಆರ್ ಗುಣಾಕಾರದಲ್ಲಿ ಬದಲಾಗುವ ವಸ್ತು. ಹಾಗಾಗಿ ನಡುವಿನ ಗೆರೆಯನ್ನು ಸರಾಸರಿಯಲ್ಲಿ ಹುಡುಕಬಾರದು, ಎರಡರ ಗುಣಲಬ್ಧದ ವರ್ಗಮೂಲದಲ್ಲಿ ಹುಡುಕಬೇಕು. ಅದು ಸುಮಾರು 2 ಕಿಲೋ ಓಮ್. ಡಿವೈಡರಿಗೆ 2.2 ಕಿಲೋ ಓಮ್ ಹಾಕಿ, ಗೆರೆಯನ್ನು ಅರ್ಧ ವೋಲ್ಟೇಜಿಗೆ ಎಳೆದೆವು. ಒಂದು ಸೆಕೆಂಡು ಕಾದರೆ ಸಾಕಾಯಿತು. ಬಲ್ಬು ಹತ್ತಿರದಲ್ಲೇ ಇರುವುದರಿಂದ ಎಲ್‌ಡಿಆರ್‌ನ ಮೈ ಮಾತ್ರ ಬಿಸಿಯಾಗದಂತೆ ನೋಡಿಕೊಳ್ಳಬೇಕು. ಇವುಗಳ ಮಿತಿ ಸಾಮಾನ್ಯವಾಗಿ 70 ಡಿಗ್ರಿ.

ಎರಡನೇ ಸಲ

ಹೊಸ ರಿಲೇ, ಮಣಿಗೆ ಹಾಳೆಯ ಕೊಳವೆ, ಹೊರಗೆ ಬೋರ್ಡು. ಮಣಿಯನ್ನು ಮೊಟ್ಟೆಯ ಮಟ್ಟಕ್ಕೆ, ಫ್ಯಾನಿನ ಗಾಳಿ ತಾಗುವಲ್ಲಿಗೆ ಇಳಿಸಿದೆವು. ಈಗ ಬಲ್ಬು ಒಂದೂವರೆ ಎರಡು ನಿಮಿಷ ಉರಿದು, ಹೆಚ್ಚುಕಡಿಮೆ ಅಷ್ಟೇ ಹೊತ್ತು ಆರಿರುತ್ತದೆ. ದಿನಕ್ಕೆ ಐನೂರು ಸಲಕ್ಕಿಂತ ಜಾಸ್ತಿಯಿಲ್ಲ. ಕೋಣೆಯಲ್ಲಿ ಸದ್ದೇ ಇಲ್ಲದ್ದು ನೋಡಿ ತಮ್ಮ ಮೊದಲೆರಡು ದಿನ ಪೆಟ್ಟಿಗೆ ನಿಂತುಹೋಗಿದೆಯೇನೋ ಅಂತ ಪದೇ ಪದೇ ಎದ್ದು ನೋಡುತ್ತಿದ್ದ. ಗಾಜಿನ ಥರ್ಮಾಮೀಟರ್ ಮತ್ತು ಡಿಸ್‌ಪ್ಲೇ ನಡುವೆ ಯಾವಾಗಲೂ 0.2ಕ್ಕಿಂತ ಜಾಸ್ತಿ ವ್ಯತ್ಯಾಸ ಬರಲಿಲ್ಲ.

20ನೇ ದಿನ ರಾತ್ರಿ ಮೊದಲ ಮೊಟ್ಟೆಯಲ್ಲಿ ಸೀಳು ಬಿತ್ತು. 21ನೇ ದಿನ ಸಂಜೆಯ ಹೊತ್ತಿಗೆ ಹನ್ನೆರಡರಲ್ಲಿ ಒಂಬತ್ತು ಮರಿ. ಅವನು ಕಳಿಸಿದ ವಿಡಿಯೋದಲ್ಲಿ ಮರಿಗಳ ಚಿಂವ್ ಚಿಂವ್ ಮಧ್ಯೆ ಒಂದು ಸಲ ಮಾತ್ರ ಟಕ್ ಅಂತ ಕೇಳಿಸುತ್ತದೆ.

ಈಗ ಅವನಿಗೆ ಬಲ್ಬು ತೆಗೆದು ನಿಕ್ರೋಮ್ ತಂತಿಯ ಹೀಟರ್ ಹಾಕುವ ಆಸೆ. ನಿಕ್ರೋಮ್‌ನ ರೋಧ ಕೆಂಪಗೆ ಕಾದರೂ ನೂರಕ್ಕೆ ಕೆಲವು ಪಾಲಷ್ಟೇ ಏರುತ್ತದೆ, ಹಾಗಾಗಿ ಹೊತ್ತಿಸುವಾಗಿನ ಆ ಹದಿನಾಲ್ಕು ಪಟ್ಟು ಏಟು ಇರುವುದಿಲ್ಲ. ಆದರೆ ಈ ಪೆಟ್ಟಿಗೆಗೆ ಬೇಕಾದಷ್ಟು ಬಿಸಿಯಲ್ಲಿ ಅದು ಬೆಳಕು ಕೊಡುವುದಿಲ್ಲ. "ಹಂಗಾದ್ರೆ ಹೀಟರ್ ಕೆಟ್ಟಿದ್ದು ಎಲ್‌ಡಿಆರ್‌ಗೆ ಹೆಂಗೆ ಗೊತ್ತಾಗುತ್ತೆ ಅಕ್ಕಾ?" ಅಂತ ಕೇಳಿದ್ದಾನೆ. ಗೊತ್ತಾಗುವುದಿಲ್ಲ. ಹೀಟರಿಗೆ ತಾಗಿದಂತೆ ಎರಡನೇ ಥರ್ಮಿಸ್ಟರ್ ಒಂದನ್ನು ಕಟ್ಟಬೇಕು. ಈ ಸಲ ಅದು ಹೀಟರಿನ ಬಿಸಿಯನ್ನೇ ಅಳೆಯಬೇಕು, ಬೇಕಂತಲೇ.